ಮೊದಲ ಪಿಸ್ತೂಲು ಕೊಳ್ಳುವ ಮುಂಚೆ: ತುಮಕೂರಿನ ಒಂದು ಏರ್ ಪಿಸ್ತೂಲ್ ರೇಂಜ್ ಹೇಗಿದೆ?

ಪಿಸ್ತೂಲೋ ರಿವಾಲ್ವರೋ ಒಂದು ಇಟ್ಟುಕೊಳ್ಳಬೇಕು ಅಂತ ಮನಸ್ಸಿರುವವರು, ಆಟಕ್ಕೇ ಇರಲಿ ರಕ್ಷಣೆಗೇ ಇರಲಿ, ಮೊದಲು ಒಂದು 10 ಮೀಟರ್ ಏರ್ ಪಿಸ್ತೂಲ್ ರೇಂಜಿಗೆ, ಅಂದರೆ ಗಾಳಿಯ ಒತ್ತಡದಿಂದ ಹಾರಿಸುವ ಪಿಸ್ತೂಲಿನಲ್ಲಿ ಗುರಿ ಹೊಡೆಯುವುದನ್ನು ಕಲಿಸುವ ಜಾಗಕ್ಕೆ, ಸೇರಿಕೊಳ್ಳಿ. ಅಂಗಡಿಗೆ ಆಮೇಲೆ ಹೋಗಿ. ತುಮಕೂರಿನಲ್ಲಿ ನಾನು ಹೋಗುತ್ತಿರುವ ರೇಂಜಿನ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಹೊಗಳಿದರೆ ಜಾಹೀರಾತು ಅನ್ನುತ್ತೀರಿ, ತೆಗಳಿದರೆ ನಾಳೆ ಬೆಳಿಗ್ಗೆ ಕೋಚ್ ಮುಖ ನೋಡಬೇಕಾದದ್ದು ನಾನು. ಇಲ್ಲಿ ಎರಡೂ ಇವೆ.

ಜಾಗ ದೊಡ್ಡದೇನಲ್ಲ. ರಿಂಗ್ ರೋಡ್ ಕಡೆ ಒಂದು ಕಟ್ಟಡದ ಮೊದಲ ಮಹಡಿ, ಕೆಳಗೆ ಹಾರ್ಡ್‌ವೇರ್ ಅಂಗಡಿ. ಕೆಲವೇ ಲೇನ್‌ಗಳು. ಕಾಗದದ ಗುರಿಯನ್ನು ಕ್ಲಿಪ್ಪಿಗೆ ಸಿಕ್ಕಿಸಿ ಬಟನ್ ಒತ್ತಿದರೆ ತಂತಿ ಮೇಲೆ ಹೋಗಿ ನಿಲ್ಲುತ್ತದೆ. ಎಲೆಕ್ಟ್ರಾನಿಕ್ ಟಾರ್ಗೆಟ್ ಒಂದೇ ಒಂದಿದೆ, ಅದು ಸ್ಪರ್ಧೆಗೆ ಹೋಗುವ ಮಕ್ಕಳಿಗೆ. ಹೊಸಬರಿಗೆ ಕಾಗದವೇ ಸಾಕು ಬಿಡಿ. ಗುರಿಯ ಮಧ್ಯದ ಹತ್ತು ಅಂಕದ ವೃತ್ತ 11.5 ಮಿಲಿಮೀಟರ್ ಅಗಲ. 10 ಮೀಟರ್ ದೂರದಿಂದ, ಒಂದೇ ಕೈಯಲ್ಲಿ, ಯಾವ ಆಸರೆಯೂ ಇಲ್ಲದೆ ಅದಕ್ಕೆ ಹೊಡೆಯಬೇಕು. ಶುರುವಿನಲ್ಲಿ ಕಾಗದಕ್ಕೆ ತಾಗಿದರೇ ದೊಡ್ಡದು.

ಸೇರಿದ ದಿನ ಪಿಸ್ತೂಲು ಕೈಗೆ ಕೊಡಲಿಲ್ಲ. ನನಗೆ ಇದೇ ಇಷ್ಟವಾಯಿತು. ನನ್ನ ಜೊತೆ ಸೇರಿದ ಒಬ್ಬರು, ರೀಲ್ಸ್ ಮಾಡಲು ಬಂದಿದ್ದರು ಅಂತ ನನ್ನ ಅನುಮಾನ, ಮುಖ ಸಿಂಡರಿಸಿಕೊಂಡು ಕೂತಿದ್ದರು. ಕೋಚ್ ಹೇಳಿದ್ದು ಇಷ್ಟೇ. ಖಾಲಿ ಇದೆಯೋ ತುಂಬಿದೆಯೋ ಅನ್ನುವ ಯೋಚನೆ ಬೇಡ, ತುಂಬಿದೆ ಅಂತಲೇ ತಿಳಿದು ಹಿಡಿಯಿರಿ. ನಳಿಗೆಯ ಬಾಯಿ ಯಾವಾಗಲೂ ಗುರಿಯ ಕಡೆ. ಹೊಡೆಯುತ್ತೇನೆ ಅಂತ ಗಟ್ಟಿ ಆಗುವ ತನಕ ಬೆರಳು ಟ್ರಿಗರ್ ಒಳಗೆ ಹೋಗಬಾರದು. ಗುರಿಯ ಹಿಂದೆ ಏನಿದೆ ಅಂತ ಗೊತ್ತಿರಬೇಕು. ಇದನ್ನೆಲ್ಲ ಯಾವ ವಿಡಿಯೊದಲ್ಲಾದರೂ ಕೇಳಬಹುದು ಅಲ್ವಾ, ಅದಕ್ಕೆ ದುಡ್ಡು ಯಾಕೆ ಅಂದರೆ, ಮುಂದಿನದನ್ನು ಓದಿ.

ಉದ್ದ ಬಂದೂಕು ಹಿಡಿದವರು ತಿರುಗಬೇಕಾದರೆ ಇಡೀ ಮೈ ತಿರುಗಬೇಕು. ಪಿಸ್ತೂಲಿಗೆ ಮಣಿಕಟ್ಟು ಸಾಕು. ಯಾರೋ ಪಕ್ಕದಿಂದ ಮಾತಾಡಿಸಿದರು ಅಂತ ಒಂದಿಷ್ಟು ಹೊರಳಿದರೆ ನಳಿಗೆ ಆಗಲೇ ಪಕ್ಕದ ಲೇನಿನವರ ಸೊಂಟಕ್ಕೆ ನೆಟ್ಟಿರುತ್ತದೆ, ಹಿಡಿದವರಿಗೆ ಅದು ಗೊತ್ತೂ ಆಗಿರುವುದಿಲ್ಲ. ಅದಕ್ಕೆ ನಮ್ಮ ಕೋಚ್ ಒಂದು ಕೆಲಸ ಮಾಡುತ್ತಾರೆ. ಹೊಸಬರು ಪಿಸ್ತೂಲು ಹಿಡಿದು ನಿಂತಿರುವಾಗ ಹಿಂದಿನಿಂದ ಹೆಸರು ಹಿಡಿದು ಕರೆಯುತ್ತಾರೆ. ಒಮ್ಮೊಮ್ಮೆ "ನಿಮ್ಮ ಫೋನ್ ಬಡ್ಕೋತಿದೆ ನೋಡಿ" ಅನ್ನುತ್ತಾರೆ. ಪಿಸ್ತೂಲಿನ ಸಮೇತ ತಿರುಗಿದರೆ ಮುಗಿಯಿತು, ಅವತ್ತಿನ ಮಟ್ಟಿಗೆ ಬೆಂಚು. ಫೀಸು ವಾಪಸ್ ಇಲ್ಲ. ನಮ್ಮ ಬ್ಯಾಚಿನಲ್ಲಿ ಒಬ್ಬ ರಿಟೈರ್ಡ್ ಮೇಷ್ಟ್ರು ಇದ್ದಾರೆ, ಅವರನ್ನೂ ಬಿಡಲಿಲ್ಲ. ಅವರು ಬೆಂಚಿನ ಮೇಲೆ ಕೂತು ನಗುತ್ತಿದ್ದರು, ಆದರೆ ಮತ್ತೆ ಯಾವತ್ತೂ ತಿರುಗಲಿಲ್ಲ. ವಿಡಿಯೊ ಹೀಗೆ ಹಿಂದಿನಿಂದ ಕರೆಯುವುದಿಲ್ಲ.

ಪಿಸ್ತೂಲು ಮೇಜಿನ ಮೇಲೆ ಇದ್ದಾಗ ನಳಿಗೆಯೊಳಗೆ ಬಣ್ಣದ ದಾರ ತೂರಿಸಿರಬೇಕು, ಎರಡೂ ತುದಿ ಹೊರಗೆ ಕಾಣಬೇಕು. ಸೇಫ್ಟಿ ಫ್ಲ್ಯಾಗ್ ಅನ್ನುತ್ತಾರೆ. ದೂರದಿಂದಲೇ ನೋಡಿದವರಿಗೆ ಒಳಗೆ ಪೆಲೆಟ್ (ಏರ್ ಪಿಸ್ತೂಲಿನ ಪುಟ್ಟ ಗುಂಡು) ಇಲ್ಲ ಅಂತ ಗೊತ್ತಾಗುತ್ತದೆ. ಕಾಗದ ಕಳಚಿ ಬಿದ್ದು ಯಾರಾದರೂ ಮುಂದೆ ಹೋಗಬೇಕಾಗಿ ಬಂದರೆ "ಸ್ಟಾಪ್, ಅನ್‌ಲೋಡ್" ಅಂತ ಕೂಗು ಬೀಳುತ್ತದೆ. ಎಲ್ಲರೂ ಖಾಲಿ ಮಾಡಿ, ದಾರ ಹಾಕಿ, ಕೆಳಗಿಟ್ಟು ಒಂದು ಹೆಜ್ಜೆ ಹಿಂದೆ ನಿಲ್ಲಬೇಕು. ಹತ್ತು ವರ್ಷದ ಮಗುವಿಗೂ ಇದೇ, ಬೆಂಗಳೂರಿನಿಂದ ರಜೆಗೆ ಬಂದು ಸೇರಿದ ಸಾಫ್ಟ್‌ವೇರ್ ಸಾಹೇಬರಿಗೂ ಇದೇ.

ಹೊಡೆಯುವುದನ್ನು ಕಲಿಸುವ ರೀತಿಯೂ ಚೆನ್ನಾಗಿದೆ, ಸ್ವಲ್ಪ ನಿಧಾನ. ಮೊದಲು ಯಾವ ಕಣ್ಣು ಮುಂದಾಳು, ಅಂದರೆ ಗುರಿ ಹಿಡಿಯುವಾಗ ಯಾವ ಕಣ್ಣಿನ ನೋಟ ಮೇಲುಗೈ, ಅಂತ ನೋಡುತ್ತಾರೆ. ಬಲಗೈಯವರಿಗೆ ಎಡಗಣ್ಣು ಮುಂದಾಳಾಗಿರುವುದೂ ಉಂಟು, ಅದಕ್ಕೆ ತಕ್ಕಂತೆ ನಿಲ್ಲುವ ರೀತಿ ಬದಲಾಗುತ್ತದೆ. ಆಮೇಲೆ ಪೆಲೆಟ್ ಇಲ್ಲದೆ ಸುಮ್ನೆ ಬಿಳಿ ಗೋಡೆಗೆ ಹಿಡಿದು ಟ್ರಿಗರ್ ಎಳೆಯುವುದು. ಇದು ಬೋರು, ಸುಳ್ಳು ಹೇಳುವುದಿಲ್ಲ. ಆದರೆ ಮುಂದಿನ ಸೈಟು (ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಗುರುತು) ಹಿಂದಿನ ಸೈಟಿನ ಕಚ್ಚಿನೊಳಗೆ ನೆಟ್ಟಗೆ ನಿಂತಿದೆಯಾ, ಎರಡೂ ಪಕ್ಕದ ಬೆಳಕಿನ ಸಂದು ಸಮ ಇದೆಯಾ ಅನ್ನುವುದು ಕಾಣುವುದೇ ಆಗ. ಕಣ್ಣು ಮುಂದಿನ ಸೈಟಿನ ಮೇಲೆ ಇರಬೇಕು, ಗುರಿಯ ಕಪ್ಪು ಮಸುಕಾಗಿಯೇ ಕಾಣಬೇಕು. ಹೊಸಬರು ಎಲ್ಲರೂ ಗುರಿಯನ್ನು ನೋಡುತ್ತಾರೆ. ಕೈ ನಡುಗುವುದು ನಿಲ್ಲುವುದಿಲ್ಲ, ಯಾರಿಗೂ ನಿಲ್ಲುವುದಿಲ್ಲ, ನಡುಗುವುದರ ನಡುವೆಯೇ ಬೆರಳನ್ನು ಮೆಲ್ಲಗೆ ಒತ್ತುತ್ತಾ ಹೋಗಬೇಕು, "ಈಗ ಸರಿಯಾಗಿದೆ" ಅಂತ ಗಬಕ್ಕನೆ ಎಳೆದರೆ ಬಲಗೈಯವರದು ಕೆಳಗೆ ಎಡಕ್ಕೆ ಹೋಗಿ ಬೀಳುತ್ತದೆ. ಕೋಚ್ ಕಾಗದ ನೋಡಿಯೇ ಯಾರು ಗಾಬರಿಬಿದ್ದು ಎಳೆದರು ಅಂತ ಹೇಳುತ್ತಾರೆ. ಕೈ ಎತ್ತಿ ಹಲವು ಸೆಕೆಂಡು ಆಗಿಯೂ ಹೊಡೆಯಲು ಆಗದಿದ್ದರೆ ಇಳಿಸಿಬಿಡಬೇಕು. ಇಳಿಸುವುದನ್ನು ಕಲಿಯುವುದೇ ಕಷ್ಟ. ಸ್ಪರ್ಧೆಯಲ್ಲಿ 60 ಹೊಡೆತಕ್ಕೆ 75 ನಿಮಿಷ ಇರುತ್ತದೆ, ಅವಸರ ಏನೂ ಇಲ್ಲ.

ಈಗ ರಿವಾಲ್ವರ್ ವಿಷಯ. ನಮ್ಮಣ್ಣನದು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ, ಹರಾಜಿನ ಹೊತ್ತಿಗೆ ದುಡ್ಡು ಓಡಾಡುತ್ತದೆ, ಹಾಗಾಗಿ ಒಂದು .32 ರಿವಾಲ್ವರ್ ಇರಲಿ ಅಂತ ಅವನ ಆಸೆ. ಅವನ ಪರವಾಗಿ ವಿಚಾರಿಸಿದ್ದು ಜಾಸ್ತಿ ನಾನೇ. ಲೈಸೆನ್ಸಿಗೆ 21 ವರ್ಷ ತುಂಬಿರಬೇಕು. ನಮ್ಮ ಜಿಲ್ಲೆಯಲ್ಲಿ ಕೊಡುವುದು ಡಿಸಿ, ಅದಕ್ಕೆ ಮುಂಚೆ ಪೊಲೀಸ್ ವರದಿ ಆಗಬೇಕು. 2016ರ ಆಯುಧ ನಿಯಮಗಳ ಪ್ರಕಾರ ಸುರಕ್ಷತೆ ತರಬೇತಿ ಪಡೆದ ಪ್ರಮಾಣಪತ್ರವೂ ಬೇಕು. ಯಾಕೆ ಬೇಕು ಅಂತ ಕಾರಣ ಕೇಳುತ್ತಾರೆ, "ಇರಲಿ ಅಂತ" ಅಂದರೆ ನಡೆಯುವುದಿಲ್ಲ. 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸಿನ ಅವಧಿ 3 ವರ್ಷದಿಂದ 5ಕ್ಕೆ ಏರಿದೆ, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು 3ರಿಂದ 2ಕ್ಕೆ ಇಳಿದಿದೆ. ಮದುವೆ ಮೆರವಣಿಗೆಯಲ್ಲಿ ಖುಷಿಗೆ ಗಾಳಿಯಲ್ಲಿ ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2 ವರ್ಷದ ತನಕ ಜೈಲು ಅಂತಲೂ ಅದೇ ತಿದ್ದುಪಡಿಯಲ್ಲಿದೆ. ಕೊಡವರಿಗೆ ವಿನಾಯಿತಿ ಇದೆಯಲ್ಲ ಅಂತ ಅಣ್ಣ ಕೇಳಿದ. ನಾವು ಕೊಡವರಲ್ಲ, ಮಾರಾಯ.

ಸಿನಿಮಾದಲ್ಲಿ ಬರುವ 9 ಎಂ.ಎಂ. ಪಿಸ್ತೂಲನ್ನು ಮರೆತುಬಿಡಿ, ಅದು ನಿಷೇಧಿತ ಬೋರ್ (ಬೋರ್ ಅಂದರೆ ನಳಿಗೆಯ ಒಳ ಅಗಲ), ಸಾಮಾನ್ಯ ಜನಕ್ಕಿಲ್ಲ. ಸಿಗುವುದು .32, .22 ಇಂಥವು. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಬಿಟ್ಟ 'ನಿರ್ಭೀಕ್' ರಿವಾಲ್ವರ್ ಅರ್ಧ ಕೆ.ಜಿ. ತೂಕದ್ದು, ಟೈಟಾನಿಯಂ ಮಿಶ್ರಲೋಹ, ಬಿಡುಗಡೆಯಾದಾಗಲೇ ಬೆಲೆ 1.22 ಲಕ್ಷ ರೂಪಾಯಿ. ಹೆಂಗಸರ ಬ್ಯಾಗಿಗೆ ಹಗುರ ಅಂತ ಪ್ರಚಾರ ಮಾಡಿದರು. ಹಗುರ ಅಂದರೆ ಒಯ್ಯಲು ಸುಲಭ, ಸರಿ. ಆದರೆ ಗುಂಡು ಅದೇ ಆಗಿ ಬಂದೂಕು ಹಗುರ ಆದಷ್ಟೂ ಕೈಗೆ ಒದೆತ ಜಾಸ್ತಿ. ರಿವಾಲ್ವರಿನ ಕುದುರೆ (ಹಿಂದಿರುವ ಪುಟ್ಟ ಸುತ್ತಿಗೆ) ಎಳೆಯದೆ ನೇರವಾಗಿ ಟ್ರಿಗರ್ ಎಳೆದರೆ ಎಳೆತ ಉದ್ದ, ಗಟ್ಟಿ. ಕಲಿಯುವವರ ಕೈಗೆ ಇವೆರಡೂ ಒಟ್ಟಿಗೆ ಬಂದರೆ ಗುಂಡಿನ ಸದ್ದಿಗೆ ಮುಂಚೆಯೇ ಕಣ್ಣು ಮುಚ್ಚುವ ಅಭ್ಯಾಸ ಅಂಟಿಕೊಳ್ಳುತ್ತದೆ. ಬಿಡಿಸುವುದು ತ್ರಾಸು. ಗುಂಡು ಬೇರೆ ದುಬಾರಿ, ಲೈಸೆನ್ಸಿನಲ್ಲಿ ಬರೆದಷ್ಟೇ ಸಿಗುತ್ತದೆ, ಹೊಡೆದು ಕಲಿಯಲು ಜಾಗವೂ ಇಲ್ಲ. ಮತ್ತೆ ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಿ ಬರಲು ಹೇಳುತ್ತಾರೆ, ನಮ್ಮಲ್ಲಿ ಚುನಾವಣೆಗೆ ಬರವೇ? ತೋಟದಲ್ಲಿ ಹಂದಿ ಕಾಟ ಅಂತ ರಿವಾಲ್ವರ್ ಕೇಳುವವರೂ ಇದ್ದಾರೆ. ಬೆಳೆ ಕಾಯಲು ರೈತರಿಗೆ ಕೊಡುವ ಬಂದೂಕೇ ಬೇರೆ, ಅದು ಉದ್ದದ್ದು.

ಅಣ್ಣನನ್ನೂ ರೇಂಜಿಗೆ ಎಳೆದು ತಂದೆ. ಈಗ ಅವನು ಹರಾಜಿನ ದುಡ್ಡನ್ನು ಆದಷ್ಟು ಬ್ಯಾಂಕಿನಲ್ಲೇ ತೀರಿಸುತ್ತಾನೆ, ಲೈಸೆನ್ಸಿನ ಅರ್ಜಿ ಇನ್ನೂ ತುಂಬಿಲ್ಲ. ತುಂಬುತ್ತಾನೋ ಇಲ್ಲವೋ, ಅವನಿಷ್ಟ.

ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ. .177 ಬೋರಿಗಿಂತ ದೊಡ್ಡದಿರಬಾರದು, ಶಕ್ತಿ 20 ಜೂಲ್ ದಾಟಬಾರದು, ಅಷ್ಟೇ. ಸ್ಪರ್ಧೆಯ ಪಿಸ್ತೂಲುಗಳ ಶಕ್ತಿ 6 ಜೂಲಿನ ಆಸುಪಾಸು. ಅಷ್ಟಕ್ಕೇ ಕಣ್ಣು ಹೋಗುತ್ತದೆ, ಹಾಗಾಗಿ ಕನ್ನಡಕ ಹಾಕದೆ ಲೇನಿಗೆ ಬಿಡುವುದಿಲ್ಲ. ರೇಂಜಿನದೇ ಪಿಸ್ತೂಲುಗಳಿವೆ, ಒಂದೆರಡು ವಿದೇಶದವು, ಉಳಿದವು ಅಗ್ಗದವು. ಕೊಳ್ಳುವ ಆತುರ ಬೇಡ, ಕೆಲವು ತಿಂಗಳು ಅವನ್ನೇ ಬಳಸಿ. ಸ್ಟೇಯರ್, ಮೊರಿನಿ, ವಾಲ್ಥರ್, ಪಾರ್ಡಿನಿ ಅಂತ ಹೆಸರು ಹೇಳುತ್ತಾ ಹೋಗುತ್ತಾರೆ, ಲಕ್ಷದ ಮೇಲಿನ ಮಾತು. ನನ್ನ ಕೇಳಿದರೆ ಬ್ರ್ಯಾಂಡಿಗಿಂತ ಹಿಡಿ ಮುಖ್ಯ. ಮರದ ಹಿಡಿ ಅಂಗೈ ಅಳತೆಗೆ ಸಣ್ಣ, ಮಧ್ಯಮ, ದೊಡ್ಡ ಅಂತ ಬರುತ್ತದೆ, ಎಡಗೈಗೆ ಬೇರೆ, ಬಲಗೈಗೆ ಬೇರೆ. ಕಣ್ಣು ಮುಚ್ಚಿ ಹಿಡಿದು ಕೈ ಎತ್ತಿ, ಕಣ್ಣು ಬಿಟ್ಟಾಗ ಎರಡೂ ಸೈಟು ತಾವೇ ಒಂದು ಸಾಲಿಗೆ ಬಂದಿದ್ದರೆ ಹಿಡಿ ನಿಮ್ಮದು. ಪಕ್ಕಕ್ಕೆ ಹೋಗಿದ್ದರೆ ಎಷ್ಟೇ ಚಂದ ಇರಲಿ ಬಿಡಿ, ಇಲ್ಲ ಉಜ್ಜಿಸಿ ಸರಿಮಾಡಿಸಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಗಾಳಿ ತುಂಬುವ ಸಿಲಿಂಡರಿನ ಮೇಲೆ ಒತ್ತಿರುವ ತಾರೀಕು ನೋಡಿ. ಒಳಗೆ 200 ಬಾರ್ ಒತ್ತಡ ಇರುತ್ತದೆ, ದೊಡ್ಡ ಕಂಪನಿಗಳು ಅದಕ್ಕೆ 10 ವರ್ಷ ಅಂತ ಗಡುವು ಹಾಕುತ್ತವೆ. ಪಿಸ್ತೂಲು ಅಗ್ಗಕ್ಕೆ ಸಿಕ್ಕಿತು ಅಂತ ತಂದು ಹೊಸ ಸಿಲಿಂಡರಿಗೆ ದುಡ್ಡು ಸುರಿಯಬೇಕಾದೀತು. ಟ್ರಿಗರ್ ಎಲೆಕ್ಟ್ರಾನಿಕ್ ಬೇಕೋ ಮೆಕ್ಯಾನಿಕಲ್ ಬೇಕೋ ಅನ್ನುವ ವಾದ ನಮ್ಮ ರೇಂಜಿನಲ್ಲಿ ಮುಗಿಯುವುದೇ ಇಲ್ಲ. ಶೂಟರ್ ಮನು ಭಾಕರ್‌ಗೆ ಟೋಕಿಯೊ ಒಲಿಂಪಿಕ್ಸಿನಲ್ಲಿ ಅರ್ಹತಾ ಸುತ್ತಿನ ನಡುವೆ ಎಲೆಕ್ಟ್ರಾನಿಕ್ ಟ್ರಿಗರಿನ ಪಿಸ್ತೂಲು ಕೈಕೊಟ್ಟು ಫೈನಲ್ ತಪ್ಪಿತು, 2024ರಲ್ಲಿ ಪ್ಯಾರಿಸ್‌ನಲ್ಲಿ ಅದೇ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಬಂತು, ಎರಡೂ ಕಡೆಯವರು ಆಕೆಯ ಹೆಸರನ್ನೇ ಹೇಳಿ ವಾದಿಸುತ್ತಾರೆ. ಹೊಸಬರಿಗೆ ಮೆಕ್ಯಾನಿಕಲ್ ಸಾಕು. ಟ್ರಿಗರಿನ ಭಾರ, ಅಂದರೆ ಅದನ್ನು ಎಳೆಯಲು ಬೇಕಾದ ಬಲ, 500 ಗ್ರಾಮಿಗಿಂತ ಕಡಿಮೆ ಇರಬಾರದು ಅಂತ ಸ್ಪರ್ಧೆಯ ನಿಯಮ, ಅಳೆದು ನೋಡದೆ ಕೊಳ್ಳಬೇಡಿ.

ಆನ್‌ಲೈನಿನಲ್ಲಿ ನಿಜವಾದ ಪಿಸ್ತೂಲಿನ ಥರವೇ ಕಾಣುವ, ಗ್ಯಾಸಿನಲ್ಲಿ ಸ್ಟೀಲ್ ಗೋಲಿ ಹಾರಿಸುವ ಕಪ್ಪು ಪಿಸ್ತೂಲು ಮಾರುತ್ತಾರಲ್ಲ, ಅದು ಬೇಡವೇ ಬೇಡ. ಗೋಲಿ ಗಟ್ಟಿ ಜಾಗಕ್ಕೆ ತಾಗಿ ವಾಪಸ್ ಹಾರುತ್ತದೆ, ಹೊಡೆಯುವುದನ್ನೂ ಅದು ಕಲಿಸುವುದಿಲ್ಲ, ಬಿ.ಎಚ್. ರಸ್ತೆಯಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದರೆ ಅಸಲಿಯೋ ನಕಲಿಯೋ ಅಂತ ಯಾರು ನೋಡುತ್ತಾ ಕೂರುತ್ತಾರೆ?

ಇನ್ನು ದೂರುಗಳು. ಬೇಸಿಗೆಯಲ್ಲಿ ಒಳಗೆ ಬೇಯುತ್ತದೆ. ಗುರಿಯ ಕಾಗದ ಅಲ್ಲಾಡುತ್ತದೆ ಅಂತ ಫ್ಯಾನ್ ಹಾಕುವುದಿಲ್ಲ, ಎಸಿ ಹಾಕಿಸುತ್ತೇವೆ ಅಂತ ಹೇಳುತ್ತಲೇ ಇದ್ದಾರೆ. ಕರೆಂಟ್ ಹೋದರೆ ಯುಪಿಎಸ್ ಲೈಟಿಗೆ ಮಾತ್ರ, ಪುಲ್ಲಿ ನಿಂತೇ ಹೋಗುತ್ತದೆ. ಸಿಲಿಂಡರ್ ತುಂಬುವ ಟ್ಯಾಂಕ್ ಒಂದೇ ಇದೆ, ಅದು ಖಾಲಿಯಾದರೆ ಬೆಂಗಳೂರಿನಿಂದ ತುಂಬಿಸಿ ತರುವ ತನಕ ಅರ್ಧ ಪಿಸ್ತೂಲುಗಳು ಮಲಗಿರುತ್ತವೆ. ಬ್ಯಾಚಿಗೆ ಜನ ಜಾಸ್ತಿ ಸೇರಿಸಿಕೊಳ್ಳುತ್ತಾರೆ, ಸ್ಪರ್ಧೆ ಹತ್ತಿರ ಬಂದಾಗ ಕೋಚ್ ಕಣ್ಣು ಮಕ್ಕಳ ಮೇಲೆಯೇ, ನಮ್ಮಂಥ ದೊಡ್ಡವರನ್ನು ಕೇಳುವವರಿಲ್ಲ. ನನಗೆ ನಿಜಕ್ಕೂ ಸಿಟ್ಟು ಬರುವುದು ಕೈ ತೊಳೆಯುವ ಜಾಗದ ವಿಷಯಕ್ಕೆ. ಪೆಲೆಟ್ ಸೀಸದ್ದು. ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಲೇಬೇಕು, ಸ್ಯಾನಿಟೈಸರ್ ಸೀಸವನ್ನು ತೆಗೆಯುವುದಿಲ್ಲ. ಇಲ್ಲಿ ನಲ್ಲಿ ಇರುವುದು ಕೆಳಗಿನ ಅಂಗಡಿಯ ಹಿಂದೆ, ಸೋಪು ಇದ್ದರೆ ಅದೃಷ್ಟ. ಸುರಕ್ಷತೆ ಬಗ್ಗೆ ಇಷ್ಟು ಕಟ್ಟುನಿಟ್ಟಾಗಿರುವವರು ಮಕ್ಕಳು ಅದೇ ಕೈಯಲ್ಲಿ ಚಿಪ್ಸ್ ತಿನ್ನುವುದನ್ನು ನೋಡಿಕೊಂಡು ಹೇಗೆ ಸುಮ್ಮನಿರುತ್ತಾರೋ ಗೊತ್ತಿಲ್ಲ. ಹೇಳಿದ್ದೇನೆ, ಬರೆದೂ ಕೊಟ್ಟಿದ್ದೇನೆ.

ಮನೆಯಲ್ಲಿ ಇಟ್ಟುಕೊಳ್ಳುವ ಬಗ್ಗೆ ಮಾತ್ರ ಅವರು ಹೇಳಿಕೊಟ್ಟದ್ದು ಉಪಯೋಗಕ್ಕೆ ಬಂತು. ಪಿಸ್ತೂಲು ಒಂದು ಕಡೆ ಬೀಗದಲ್ಲಿ, ಪೆಲೆಟ್ ಇನ್ನೊಂದು ಕಡೆ, ಬೀಗದ ಕೈ ದೇವರ ಮನೆಯ ಮೊಳೆಗೆ ನೇತುಹಾಕುವಂತಿಲ್ಲ. ಆಯುಧ ಪೂಜೆಗೆ ಇಡುವವರು ಖಾಲಿ ಮಾಡಿ, ದಾರ ಹಾಕಿ, ಹೊರಗೆ ಬೇಕಾದರೆ ಹೂವಿಡಿ. ನಳಿಗೆಯೊಳಗೆ ಕುಂಕುಮ ಬಿದ್ದರೆ ಸ್ವಚ್ಛ ಮಾಡುವ ಕಷ್ಟ ನಿಮ್ಮದೇ.

ಫೀಸು ತಿಂಗಳಿಗೆ 3,000 ರೂಪಾಯಿ ಆಸುಪಾಸು, ಪೆಲೆಟ್ ಬೇರೆ. ಬೆಂಗಳೂರಿಗೆ ಓಡಾಡುವ ರೈಲಿನ ಸಮಯ ಸೇರಿಸಿ ಲೆಕ್ಕ ಹಾಕಿದರೆ ಇದು ವಾಸಿ. ಐದಕ್ಕೆ ನಾಲ್ಕು ಕೊಡುತ್ತೇನೆ, ಕಳೆದ ಒಂದು ಆ ಸೋಪಿನದು. ಭಾನುವಾರ ಬೆಳಿಗ್ಗೆ ಹೋಗಬೇಡಿ, ಗದ್ದಲ. ವಾರದ ನಡುವೆ ಸಂಜೆ ಹೋದರೆ ಕೋಚ್ ಪೂರ್ತಿ ನಿಮಗೇ ಸಿಗುತ್ತಾರೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೊಡೆತ ಮುಗಿದ ಮೇಲೆ ಇಟ್ಟುಕೊಳ್ಳಿ, ಹೊಟ್ಟೆ ಬಿರಿಯ ತಿಂದು ನಿಂತರೆ ನಾಡಿ ಬಡಿತ ಮುಂದಿನ ಸೈಟಿನಲ್ಲೇ ಕಾಣುತ್ತದೆ. ಸೋಪನ್ನು ನಿಮ್ಮ ಬ್ಯಾಗಿನಲ್ಲೇ ಒಯ್ಯಿರಿ.