ಎಸಿ, ಫ್ರಿಜ್ ಪೈಪ್ ಬೆಸೆಯೋಕೆ ಯಾವ ಬ್ರೇಜಿಂಗ್ ರಾಡ್ (ಕರಗಿಸಿ ಜಾಯಿಂಟ್‌ಗೆ ತುಂಬೋ ಲೋಹದ ಕಡ್ಡಿ)?
ಫಾಸ್ ಕಾಪರ್ (ರಂಜಕ ಬೆರೆಸಿದ ತಾಮ್ರದ ರಾಡ್) ಸಾಕಾ, ಸಿಲ್ವರ್ ರಾಡೇ ಬೇಕಾ ಅಂತ ಕೇಳಿದ್ರಲ್ಲ, ಮೊದ್ಲು ಯಾವ ಲೋಹಕ್ಕೆ ಯಾವ್ದು ಸೇರಿಸ್ತಿದೀರ ನೋಡ್ಕೊಳಿ. ತಾಮ್ರಕ್ಕೆ ತಾಮ್ರ ಆದ್ರೆ ಬೆಳ್ಳಿ ಇಲ್ಲದ ಫಾಸ್ ಕಾಪರ್ರೇ ಅಗ್ಗ, ಅದ್ರಲ್ಲಿರೋ ಸುಮಾರು 7% ರಂಜಕನೇ ಫ್ಲಕ್ಸ್ (ಲೋಹದ ಮೇಲಿನ ಆಕ್ಸೈಡ್ ಪದರ ತೆಗೆಯೋ ಪೇಸ್ಟ್) ಕೆಲಸ ಮಾಡುತ್ತೆ, ಬೇರೆ ಪೇಸ್ಟ್ ಹಚ್ಚೋದು ಬೇಡ. ಕಂಪ್ರೆಸರ್ ಹತ್ರ ಅದುರೋ ಜಾಯಿಂಟ್‌ಗೆ, ಗ್ಯಾಪ್ ಸ್ವಲ್ಪ ಜಾಸ್ತಿ ಇರೋ ಕಡೆ ನಂಗೆ 15% ಬೆಳ್ಳಿ ಇರೋ ಫಾಸ್ ಕಾಪರ್ರೇ ಇಷ್ಟ, ದುಬಾರಿ ಹೌದು ಆದ್ರೆ ಅಷ್ಟು ಬೇಗ ಬಿರುಕು ಬಿಡಲ್ಲ.

ಸ್ಟೀಲ್ ಬಂತು ಅಂದ್ರೆ ಮಾತ್ರ ಇವೆರಡನ್ನೂ ಮುಟ್ಬೇಡಿ, ರಂಜಕ ಕಬ್ಬಿಣದ ಜೊತೆ ಸೇರಿ ಜಾಯಿಂಟ್ ಪೆಡಸಾಗಿ ಒಡೆಯುತ್ತೆ. ಅಲ್ಲಿ ರಂಜಕ ಇಲ್ಲದ 45% ಸಿಲ್ವರ್ ರಾಡ್, ಜೊತೆಗೆ ಫ್ಲಕ್ಸ್, ಆಮೇಲೆ ಉಳಿದ ಫ್ಲಕ್ಸನ್ನ ಬಿಸಿನೀರಲ್ಲಿ ತೊಳೀಲೇಬೇಕು. ತಗೊಳೋವಾಗ ಕ್ಯಾಡ್ಮಿಯಂ ಇಲ್ಲದ್ದೇ ಕೇಳಿ, ಅದರ ಹೊಗೆ ಶ್ವಾಸಕೋಶಕ್ಕೆ ವಿಷ.