ಆಫ್‌ರೋಡ್ ಪ್ರಾಜೆಕ್ಟಿಗೆ ಹಳೆ ಜಿಪ್ಸಿಯೋ, ಎಂಎಂ540 ಜೀಪೋ?

ಮಲೆನಾಡಿನ ಮಳೆಗಾಲದ ಕೆಮ್ಮಣ್ಣಿಗೆ ಹಳೆ ಗಾಡಿ ಕಟ್ಟುವವರ ಕಣ್ಣು ಮೊದಲು ಬೀಳುವುದು ಎರಡರ ಮೇಲೆ: ಮಾರುತಿ ಜಿಪ್ಸಿ ಕಿಂಗ್, ಮಹೀಂದ್ರ ಎಂಎಂ540. ಎರಡನ್ನೂ ಅದೇ ಕೆಸರು, ಅದೇ ಕಲ್ಲಿನ ಏರು, ಅದೇ ಹಳ್ಳದಲ್ಲಿ ಓಡಿಸಿ ನೋಡಿ ಬರೆದದ್ದು ಇದು.

ಕೆಸರಿನಲ್ಲಿ ಜಿಪ್ಸಿಯೇ ಮುಂದು. ತೂಕ ಸಾವಿರ ಕಿಲೋದ ಆಸುಪಾಸು ಅಷ್ಟೆ. ಜೀಪಿನ ಮೂತಿ ಹೂತುಹೋಗುವ ಕಡೆ ಇದು ಮೇಲೆಮೇಲೆಯೇ ದಾಟುತ್ತದೆ. ಸಿಕ್ಕಿಕೊಂಡರೂ ನಾಲ್ಕು ಜನ ನೂಕಿದರೆ ಹೊರಗೆ ಬರುತ್ತದೆ. 2000ರಿಂದೀಚೆಗಿನ, ಪೆಟ್ರೋಲನ್ನು ಇಂಜೆಕ್ಟರಿನಿಂದ ಚಿಮ್ಮಿಸುವ ಎಂಪಿಎಫ್‌ಐ ಎಂಜಿನ್ 1298 ಸಿಸಿ, 80 ಬಿಎಚ್‌ಪಿ. ಆದರೆ ಪೂರ್ತಿ ಎಳೆತ ಸಿಗುವುದು 4500 ಆರ್‌ಪಿಎಂ ಹತ್ತಿರ. ಹಾಗಾಗಿ ಕಲ್ಲಿನ ಏರಿನಲ್ಲಿ ರೇಸ್ ಕೊಟ್ಟೇ ಹತ್ತಿಸಬೇಕು, ಕ್ಲಚ್ ಬಿಸಿಯಾಗುತ್ತದೆ.

ಅಲ್ಲಿ ಜೀಪ್ ಗೆಲ್ಲುತ್ತದೆ. 2112 ಸಿಸಿ ಪೆಜೊ ಡೀಸೆಲ್, ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲಿಗೆ ಹಂಚುವ ಪೆಟ್ಟಿಗೆ) ಲೋ ಗೇರಿನ ಅನುಪಾತ 2.46, ಆಕ್ಸಲಿನದು 5.38, ಗುಣಿಸಿದರೆ 13ಕ್ಕೂ ಹೆಚ್ಚು; ಇದು ಹೆಚ್ಚಿದಷ್ಟೂ ಚಕ್ರಕ್ಕೆ ಎಳೆತ ಹೆಚ್ಚು. ಜಿಪ್ಸಿಯದು 2.268 ಮತ್ತು 3.909, 9 ಕೂಡ ಮುಟ್ಟುವುದಿಲ್ಲ. ಮಡಿಕೇರಿಯಿಂದ ಮಾಂದಲಪಟ್ಟಿ ಬೆಟ್ಟಕ್ಕೆ ಜನ ತುಂಬಿಕೊಂಡು ಹತ್ತುವ ಜೀಪುಗಳನ್ನು ನೋಡಿದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ ಎಂಜಿನ್ ಹಿಡಿತದಲ್ಲೇ ಇಳಿಯುವ ಸುಖವೂ ಜೀಪಿನದೇ. ಹೆದ್ದಾರಿಗೆ ಬಂದರೆ ಮಾತ್ರ 60 ದಾಟಿದ ಮೇಲೆ ಸದ್ದು ಕೇಳಲಾಗದು.

ಜೀಪ್ ಕೊಳ್ಳುವಾಗ ದೊಡ್ಡ ಮೋಸ ಆಕ್ಸಲಿನೊಳಗೆ ಇರುತ್ತದೆ. ಮೈಲೇಜಿಗಾಗಿ ಹಿಂದಿನ ಕ್ರೌನ್-ಪಿನಿಯನ್ (ಆಕ್ಸಲಿನ ಅನುಪಾತ ನಿರ್ಧರಿಸುವ ಹಲ್ಲುಚಕ್ರದ ಜೋಡಿ) ಮಾತ್ರ ಬದಲಿಸಿ ಮುಂದಿನದನ್ನು ಹಾಗೇ ಬಿಟ್ಟಿರುತ್ತಾರೆ. ಅಂಥ ಗಾಡಿಯನ್ನು ಫೋರ್‌ವೀಲ್‌ಗೆ ಹಾಕಿದರೆ ಎರಡೂ ಆಕ್ಸಲ್ ಒಂದನ್ನೊಂದು ಎಳೆದಾಡಿ ಟ್ರಾನ್ಸ್‌ಫರ್ ಕೇಸನ್ನೇ ಒಡೆಯುತ್ತವೆ. ಕಂಡುಹಿಡಿಯುವುದು ಸುಲಭ: ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಟೂವೀಲ್‌ನಲ್ಲಿಟ್ಟು ಗೇರ್ ನ್ಯೂಟ್ರಲ್ ಮಾಡಿ, ಒಂದು ಚಕ್ರ ಮಾತ್ರ ಜಾಕ್ ಎತ್ತಿ. ಆ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ ಪ್ರೊಪೆಲ್ಲರ್ ಶಾಫ್ಟ್ (ಆಕ್ಸಲಿಗೆ ಶಕ್ತಿ ತರುವ ಉದ್ದ ದಂಡ) ಎಷ್ಟು ಸುತ್ತಿತು ಎಣಿಸಿ. 5.38 ಇದ್ದರೆ ಐದು ಸುತ್ತು ದಾಟಿ ಕಾಲು ಸುತ್ತಿಗಿಂತ ತುಸು ಹೆಚ್ಚು. ಹಿಂದೆ ಒಮ್ಮೆ, ಮುಂದೆ ಒಮ್ಮೆ (ಮುಂದಿನ ಚಕ್ರವನ್ನು ಆಕ್ಸಲಿಗೆ ಜೋಡಿಸುವ, ಬಿಡಿಸುವ ಹಬ್ ಇದ್ದರೆ ಲಾಕ್ ಮಾಡಿ). ಎರಡು ಎಣಿಕೆ ಬೇರೆ ಬಂದರೆ ಆ ಗಾಡಿ ಬಿಡಿ.

ಜಿಪ್ಸಿಯಲ್ಲಿ ಶತ್ರು ತುಕ್ಕು. ನೆಲದ ಮ್ಯಾಟ್ ಎತ್ತಿಸಿ. ಹಿಂದಿನ ಪ್ಲೇಟ್ ಸ್ಪ್ರಿಂಗ್ ಕೂರುವ ಚಾಸಿ ಭಾಗವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿದು ನೋಡಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ತಿಂದುಹೋದದ್ದು ಮಂದವಾಗಿ ಸದ್ದು ಮಾಡುತ್ತದೆ. ಹೊಸ ಕಪ್ಪು ಬಣ್ಣ ಬಳಿದಿದ್ದರೆ ಇನ್ನೂ ಜೋರಾಗಿ ಬಡಿಯಿರಿ. ಆಮೇಲೆ ಮುಂದಿನ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟವಿದ್ದರೆ ವೀಲ್ ಬೇರಿಂಗ್ ಇಲ್ಲವೇ ಕಿಂಗ್‌ಪಿನ್ ಬೇರಿಂಗ್ ಸವೆದಿದೆ. ಚಕ್ರದ ಹಿಂದಿನ ಗುಂಡಿನ ಸುತ್ತ ಕಪ್ಪು ಜಿಡ್ಡು ಇಳಿದಿದ್ದರೆ ಸೀಲ್ ಹೋಗಿದೆ. ಈ ಎರಡೂ ದೋಷಗಳು ಗಾಡಿಯನ್ನೇ ಕೈಬಿಡುವಷ್ಟು ದೊಡ್ಡವಲ್ಲ, ಚೌಕಾಸಿಗೆ ಒಳ್ಳೆಯವು.

ಟೈರಿನ ವಿಷಯದಲ್ಲಿ ಆಸೆ ಬೇಡ. ಜಿಪ್ಸಿಯ 205/70 ಆರ್15ರ ಜಾಗಕ್ಕೆ 215/75 ಸಾಕು. 235/75 ಹಾಕಿದರೆ ಚಕ್ರದ ಎತ್ತರ ಸುಮಾರು 10% ಹೆಚ್ಚಿ, ಮೊದಲೇ ಕಡಿಮೆಯಿದ್ದ ಲೋ ಗೇರಿನ ಶಕ್ತಿ ಅಷ್ಟೇ ಇಳಿಯುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ರೇಸ್ ಕೊಟ್ಟಾಗ ಮುಂದಿನ ಆಕ್ಸಲ್ ಜಾಯಿಂಟ್ ಮುರಿಯುವುದೂ ಇಂಥ ಟೈರಿನಲ್ಲೇ.

ಹಳ್ಳ ದಾಟುವವರು ಯಾವ ಗಾಡಿಗಾದರೂ ಆಕ್ಸಲ್ ಬ್ರೀದರಿಗೆ (ಒಳಗಿನ ಗಾಳಿ ಆಡುವ ಸಣ್ಣ ತೂತು) ಉದ್ದ ಪೈಪ್ ಹಾಕಿ ಬಾನೆಟ್ ಎತ್ತರಕ್ಕೆ ತನ್ನಿ. ಬಿಸಿ ಹೌಸಿಂಗ್ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ; ಡ್ರೈನ್ ಬೋಲ್ಟ್ ಬಿಚ್ಚಿದರೆ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ.

ನಮ್ಮ ಆಯ್ಕೆ ಜಿಪ್ಸಿ, ಚಾಸಿ ಗಟ್ಟಿಯಿದ್ದರೆ ಮಾತ್ರ. ತೋಟದ ಸಾಮಾನು ಹೊರುವ ಕೆಲಸವೂ ಇದ್ದರೆ ಜೀಪ್. ಮುಂಗಡ ಕೊಡುವ ಮುನ್ನ ಚಾಸಿಯಲ್ಲಿ ಕೊರೆದ ನಂಬರನ್ನು ತಂತಿ ಬ್ರಷ್‌ನಿಂದ ಉಜ್ಜಿ, ಆರ್‌ಸಿಯೊಂದಿಗೆ ಅಕ್ಷರಕ್ಕಕ್ಷರ ಹೋಲಿಸಿ. 15 ವರ್ಷ ದಾಟಿದ್ದಕ್ಕೆ ನೋಂದಣಿ ನವೀಕರಣ ಆಗಿದೆಯೇ ನೋಡಿ. ಸೇನೆಯ ಹರಾಜಿನಲ್ಲಿ ಬಂದದ್ದಾದರೆ ಹರಾಜಿನ ಮೂಲ ಕಾಗದ ಕೈಗೆ ಬಂದ ಮೇಲೆಯೇ ಹಣ ಕೊಡಿ.