ಊದಿದ ತೋಳಿಗೆ ಶಾರ್ಟ್ ಸ್ಟ್ರೆಚ್ ಬ್ಯಾಂಡೇಜು: ದಿನವೂ ಕಟ್ಟಿದ ಮೇಲಿನ ಅಭಿಪ್ರಾಯ

ಮೊದಲು ಅಂಗಡಿಯವರ ಮೇಲಿನ ಸಿಟ್ಟು ತೀರಲಿ. ಸ್ತನ ಕ್ಯಾನ್ಸರ್‌ಗೆ ಕಂಕುಳ ಗ್ರಂಥಿ ತೆಗೆಸಿ, ರೇಡಿಯೇಶನ್ ಮುಗಿಸಿ, ಆಮೇಲೆ ತೋಳು ಊದಿಕೊಂಡವರಿಗೆ ಫಿಸಿಯೋ ಬರೆದುಕೊಡುವುದು ಶಾರ್ಟ್ ಸ್ಟ್ರೆಚ್ ಬ್ಯಾಂಡೇಜು. ಮೆಡಿಕಲ್ ಶಾಪಿನಲ್ಲಿ ಕೈಗಿಡುವುದು ಉಳುಕಿಗೆ ಕಟ್ಟುವ ಕ್ರೇಪು. ‘ಎರಡೂ ಒಂದೇ ಮೇಡಂ’ ಅಂತ ಬೇರೆ. ಖಂಡಿತ ಒಂದೇ ಅಲ್ಲ. ಕ್ರೇಪು ಎಳೆದಷ್ಟೂ ಬರುತ್ತದೆ. ಮಲಗಿದಾಗಲೂ ತೋಳನ್ನು ಹಿಂಡುತ್ತಲೇ ಇರುತ್ತದೆ, ಸ್ನಾಯು ಉಬ್ಬಿದಾಗ ಮಾತ್ರ ಹಿಗ್ಗಿ ಜಾಗ ಕೊಟ್ಟುಬಿಡುತ್ತದೆ. ಶಾರ್ಟ್ ಸ್ಟ್ರೆಚ್ ಸುಮ್ಮನಿದ್ದಾಗ ಹಗುರ. ಮುಷ್ಟಿ ಹಿಡಿದಾಗ ಜಗ್ಗದೆ ನಿಲ್ಲುತ್ತದೆ, ಉಬ್ಬಿದ ಸ್ನಾಯು ಆ ಗಟ್ಟಿ ಬಟ್ಟೆಗೆ ಒತ್ತಿ ನಡುವಿನ ದುಗ್ಧರಸವನ್ನು (ಊತ ತರುವ ಲಿಂಫ್ ದ್ರವ) ಮೇಲಕ್ಕೆ ತಳ್ಳುತ್ತದೆ. ಹಾಗಾಗಿಯೇ ಇದನ್ನು ಕಟ್ಟಿಕೊಂಡು ನಿದ್ದೆ ಮಾಡಬಹುದು. ಕ್ರೇಪು ಕಟ್ಟಿ ಮಲಗಿದರೆ ಬೆಳಗ್ಗೆ ಬೆರಳು ಜೋಮು ಹಿಡಿದಿರುತ್ತದೆ. ಅಂಗಡಿಯಲ್ಲೇ ಪರೀಕ್ಷೆ ಮಾಡಿ: 10 ಸೆಂ.ಮೀ. ಗುರುತು ಹಾಕಿ ಪೂರ್ತಿ ಎಳೆಯಿರಿ. 16–17ಕ್ಕೆ ನಿಂತರೆ ಸರಿ, 20 ದಾಟಿದರೆ ವಾಪಸು ಕೊಡಿ.

ಒಂದು ತೋಳಿಗೆ 6, 8, 10 ಸೆಂ.ಮೀ. ಅಗಲದ, 5 ಮೀಟರ್ ಉದ್ದದ ಪಟ್ಟಿಗಳು ಒಂದೊಂದು. ತೋಳು ದಪ್ಪವಿದ್ದರೆ 10ರದ್ದು ಇನ್ನೊಂದು. ಜೊತೆಗೆ ಒಳಗಿನ ಹತ್ತಿಯ ತೋಳುಚೀಲ, ಬೆರಳಿಗೆ 4 ಸೆಂ.ಮೀ. ಗಾಜ್ ಬಟ್ಟೆಯ ಪಟ್ಟಿ, ಮೆತ್ತನೆಯ ಪ್ಯಾಡಿಂಗ್ ಸುರುಳಿ, ಪೇಪರ್ ಟೇಪು. ಪ್ಯಾಕಿನಲ್ಲಿ ಬರುವ ಲೋಹದ ಕೊಕ್ಕೆಗಳನ್ನು ಆಗಲೇ ಕಸಕ್ಕೆ ಹಾಕಿ. ಈ ತೋಳಿನಲ್ಲಿ ಒಂದು ಸಣ್ಣ ಗೀರು ಸಾಕು, ಸೋಂಕು ಹೊಕ್ಕೀತು.

ಕಟ್ಟುವ ಕ್ರಮ ಹೀಗೆ. ತೋಳು ತೊಳೆದು, ಬೆರಳ ಸಂದಿ ಪೂರ್ತಿ ಒರೆಸಿ, ವಾಸನೆಯಿಲ್ಲದ ಮಾಯಿಶ್ಚರೈಸರ್ ತೆಳ್ಳಗೆ ಹಚ್ಚಿ. ತೋಳುಚೀಲ ಏರಿಸಿ ಹೆಬ್ಬೆರಳಿಗೆ ತೂತು ಬಿಡಿ. ಗಾಜ್ ಪಟ್ಟಿಯನ್ನು ಮಣಿಕಟ್ಟಿಗೆ ಒಂದು ಸುತ್ತು ಹಾಕಿ, ಮುಂಗೈ ಮೇಲಿಂದ ಬೆರಳಿಗೆ ಒಯ್ದು, ಉಗುರಿನ ಬುಡದಿಂದ ಬೆರಳಿನ ಬುಡದವರೆಗೆ ಸುತ್ತಿ, ಮತ್ತೆ ಮುಂಗೈ ಮೇಲಿಂದಲೇ ಹಿಂದಕ್ಕೆ ತನ್ನಿ. ಅಂಗೈ ಕಡೆಯಿಂದ ದಾಟಿಸಿದರೆ ಮುಷ್ಟಿ ಮಡಚುವಾಗ ಗುಪ್ಪೆಯಾಗುತ್ತದೆ. ತುದಿಗಳು ಬಯಲಲ್ಲಿರಲಿ, ಬಣ್ಣ ನೋಡಲು ಬೇಕು. ಆಮೇಲೆ ಪ್ಯಾಡಿಂಗ್, ಮೊಣಕೈ ಮಡಿಕೆಯಲ್ಲಿ ಎರಡು ಪದರ. 6ರದ್ದು ಬೆರಳು ಅಗಲಿಸಿಕೊಂಡು ಅಂಗೈಗೆ. 8ರದ್ದು ಮುಷ್ಟಿ ಬಿಗಿದುಕೊಂಡು ಮಣಿಕಟ್ಟಿನಿಂದ ಮೇಲಕ್ಕೆ, ಅರ್ಧಕ್ಕೆ ಅರ್ಧ ಒಂದರ ಮೇಲೊಂದು ಬರುವಂತೆ. 10ರದ್ದು ಎದುರು ದಿಕ್ಕಿಗೆ ಸುತ್ತುತ್ತ ಕಂಕುಳವರೆಗೆ.

ಇಲ್ಲೇ ಇದರ ದೊಡ್ಡ ಕಿರಿಕಿರಿ: ಸಂಜೆಯೊಳಗೆ ಜಾರಿ ಮೊಣಕೈ ಹತ್ತಿರ ಮುದ್ದೆಯಾಗುತ್ತದೆ. ಎಲ್ಲರೂ ಮರುದಿನ ಮಾಡುವುದು ಇನ್ನಷ್ಟು ಬಿಗಿ ಎಳೆಯುವುದು. ಅದು ಉಲ್ಟಾ ಹೊಡೆಯುತ್ತದೆ. ಒಂದೇ ಬಿಗಿಯಲ್ಲಿ ಸುತ್ತಿದರೂ ಸಣ್ಣ ಸುತ್ತಳತೆಯ ಜಾಗದಲ್ಲಿ ಒತ್ತಡ ಹೆಚ್ಚು, ದಪ್ಪ ಜಾಗದಲ್ಲಿ ಕಡಿಮೆ. ಮಣಿಕಟ್ಟು ತೆಳ್ಳಗೆ, ಮೇಲ್ದೋಳು ದಪ್ಪ ಇದ್ದರೆ ಪಟ್ಟಿ ಆ ಇಳಿಜಾರಿನಲ್ಲಿ ಜಾರದೆ ಏನು ಮಾಡೀತು? ಮದ್ದು ಪ್ಯಾಡಿಂಗ್‌ನಲ್ಲಿದೆ. ಮಣಿಕಟ್ಟಿನ ಸುತ್ತ ಹತ್ತಿ ತುಂಬಿ ತೋಳನ್ನು ಕೊಳವೆಯ ಆಕಾರಕ್ಕೆ ತನ್ನಿ, ಸುರುಳಿಯನ್ನು ಚರ್ಮಕ್ಕೆ ತಾಗಿಸಿಕೊಂಡೇ ಉರುಳಿಸಿ. ದುಡ್ಡು ಉಳಿಸಲು ಪ್ಯಾಡಿಂಗ್ ಬಿಡುವವರೇ ‘ಬ್ಯಾಂಡೇಜು ಸರಿಯಿಲ್ಲ’ ಅನ್ನುವವರು. ಹಾಂ, ಮೊದಲ ವಾರಗಳಲ್ಲಿ ತೋಳು ಬೇಗ ಇಳಿಯುವುದರಿಂದಲೂ ಸಡಿಲವಾಗುತ್ತದೆ. ಆ ಜಾರುವಿಕೆ ಖುಷಿಯದು.

ಬೆರಳ ತುದಿ ಒತ್ತಿಬಿಟ್ಟರೆ ಬಣ್ಣ ತಕ್ಷಣ ವಾಪಸು ಬರಬೇಕು. ಜುಮುಗುಟ್ಟಿದರೆ, ನೀಲಿಯಾದರೆ, ನೋವು ಹೆಚ್ಚಿದರೆ ಬಿಚ್ಚಿಬಿಡಿ. ತೋಳು ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅದು ಸೆಲ್ಯುಲೈಟಿಸ್, ಅಂದರೆ ಚರ್ಮದ ಸೋಂಕು, ಇರಬಹುದು. ಪಟ್ಟಿಯೂ ಬೇಡ, ಮಸಾಜೂ ಬೇಡ, ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಕಟ್ಟುವ ಮುಂಚಿನ ಕೈಚಿಕಿತ್ಸೆ, ಅಂದರೆ ದುಗ್ಧರಸ ಸಾಗಿಸುವ ಹಗುರ ಮಸಾಜಿನ ಬಗ್ಗೆ ಎರಡು ಮಾತು. ಡೆನ್ಮಾರ್ಕಿನ ವೊಡರ್ ದಂಪತಿ 1930ರ ದಶಕದಲ್ಲಿ ಫ್ರಾನ್ಸ್‌ನಲ್ಲಿದ್ದಾಗ ರೂಪಿಸಿದ ಕ್ರಮ ಇದು. ಎಣ್ಣೆ ಹಚ್ಚಿ ನೀವುವ ಅಭ್ಯಂಗದ ಅಭ್ಯಾಸವಿರುವ ನಮಗೆ ಮೊದಮೊದಲು ‘ಇದೇನು, ಒತ್ತುವುದೇ ಇಲ್ಲವಲ್ಲ’ ಅನ್ನಿಸುತ್ತದೆ. ಮಲಗಿದ ಮಗುವಿನ ಕೆನ್ನೆ ಸವರಿದಷ್ಟು ಹಗುರ. ದುಗ್ಧನಾಳಗಳು ಚರ್ಮದ ಕೆಳಗೇ ಇರುವುದರಿಂದ ಚರ್ಮವನ್ನಷ್ಟೇ ಹಿಗ್ಗಿಸಿ ಬಿಡಬೇಕು. ಜೋರಾಗಿ ತಿಕ್ಕಿದರೆ ಅಲ್ಲಿಗೆ ರಕ್ತ ನುಗ್ಗಿ ಊತ ಹೆಚ್ಚುತ್ತದೆ. ಎಣ್ಣೆಯಿದ್ದರೆ ಹಿಡಿತ ಸಿಗುವುದಿಲ್ಲ. ಹೊಟ್ಟೆ ತುಂಬ ನಿಧಾನ ಐದು ಉಸಿರು, ಕೊರಳೆಲುಬಿನ ಮೇಲಿನ ಗುಳಿ, ಆರೋಗ್ಯವಾಗಿರುವ ಕಂಕುಳು, ಊದಿದ ಬದಿಯ ತೊಡೆಸಂದು. ಮೊದಲು ಈ ಜಾಗಗಳನ್ನು ಸವರಿ ದಾರಿ ತೆರವು ಮಾಡಿ, ಎದೆಯ ಮೇಲಿಂದ ಆರೋಗ್ಯವಾಗಿರುವ ಕಂಕುಳ ಕಡೆಗೆ ಸಾಗಿಸಿ, ಆಮೇಲೆ ಮೇಲ್ದೋಳು, ಮುಂದೋಳು, ಕೊನೆಗೆ ಕೈ. ತೋಳಿನಲ್ಲಿ ಹಿಡಿದ ಭಾಗ ಯಾವುದಾದರೂ ತಳ್ಳುವುದು ಮಾತ್ರ ಸದಾ ಭುಜದ ಕಡೆಗೇ. ಹೃದಯ ವೈಫಲ್ಯ ಹತೋಟಿಯಲ್ಲಿ ಇಲ್ಲದವರು, ರಕ್ತನಾಳದಲ್ಲಿ ಹೊಸ ಹೆಪ್ಪು ಇರುವವರು ಮುಟ್ಟಬಾರದು. ಥೆರಪಿಸ್ಟ್ ಹತ್ತಿರ ಒಂದೆರಡು ಸಲ ಕೈಹಿಡಿಸಿ ಕಲಿತರೆ ಮನೆಯಲ್ಲಿ ದಿನಕ್ಕೆ ಇಪ್ಪತ್ತು ನಿಮಿಷದ ಕೆಲಸ. ಇದೊಂದೇ ಮಾಡಿ ಪಟ್ಟಿ ಬಿಟ್ಟರೆ ಮಾತ್ರ ಇಳಿದ ನೀರು ಬೇಗ ಮರಳುತ್ತದೆ. ಸೆಂಟರುಗಳಲ್ಲಿ ಪ್ಯಾಕೇಜು ಮಾರುವಾಗ ಈ ಮಾತು ಹೇಳುವವರು ಕಡಿಮೆ.

ಇಷ್ಟು ಬೈದ ಮೇಲೂ ಇದನ್ನು ಬಿಡಲಾಗದ್ದಕ್ಕೆ ಕಾರಣ ಬಿಚ್ಚುವ ಹೊತ್ತು. ಚರ್ಮದ ಮೇಲೆ ನೇಯ್ಗೆಯ ಅಚ್ಚು, ಮಣಿಕಟ್ಟಿನ ಎಲುಬು ಕೈಗೆ ಸಿಗುವುದು, ಉಬ್ಬಿ ನುಣುಪಾಗಿದ್ದ ಬೆರಳ ಗೆಣ್ಣಿನ ಮೇಲೆ ಮತ್ತೆ ಸುಕ್ಕು! ಆ ಸುಕ್ಕು ನೋಡಿ ಇಷ್ಟು ಸಂತೋಷಪಡುವವರು ನಾವೇ ಇರಬೇಕು. ಆಮೇಲೆ ಮೇಜಿನ ಮೇಲೆ ಪಟ್ಟಿ ಹಾಸಿ ಬಿಗಿಯಾಗಿ ಸುರುಳಿ ಸುತ್ತುವುದು. ಸಡಿಲ ಸುರುಳಿ ಮರುದಿನ ಕೈಯಿಂದ ಉರುಳಿ ಮಂಚದಡಿ ಸೇರುತ್ತದೆ.

ಒಗೆಯಲು ಬೆಚ್ಚಗಿನ ನೀರು, ಸೌಮ್ಯ ಸೋಪು. ಕಂಫರ್ಟ್ ತರಹದ್ದು ಬೇಡ, ಹಿಂಡಬೇಡಿ, ಟವೆಲ್‌ನಲ್ಲಿ ಒತ್ತಿ ನೆರಳಲ್ಲಿ ಹಾಸಿ. ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೇ ಜಗ್ಗುತ್ತದೆ. ಒಗೆದಾಗ ಬಟ್ಟೆ ಕುಗ್ಗಿ ಮತ್ತೆ ಬಿಗಿ ಪಡೆಯುವುದರಿಂದ ಒಗೆಯದೆ ಇಡಬೇಡಿ. ಮಲೆನಾಡು, ಕರಾವಳಿಯವರು ಮಳೆಗಾಲಕ್ಕೆ ಎರಡನೇ ಸೆಟ್ ಇಟ್ಟುಕೊಳ್ಳಲೇಬೇಕು. ಹಸಿಪಸಿ ಪಟ್ಟಿ ಕಟ್ಟಿದರೆ ಬೆರಳ ಸಂದಿಯಲ್ಲಿ ಬೂಸ್ಟು ಗ್ಯಾರಂಟಿ.

ಪಟ್ಟಿಯ ಬದಲು ಆಮೇಲೆ ತೊಡುವ ಬಿಗಿ ತೋಳುಗವಸು, ಅಂದರೆ ಸ್ಲೀವು, ಕೊಳ್ಳುವ ಆತುರ ಬೇಡ. ಮಣಿಕಟ್ಟಿನಿಂದ 4 ಸೆಂ.ಮೀ.ಗೊಮ್ಮೆ ಟೇಪಿನಲ್ಲಿ ಎರಡೂ ತೋಳು ಅಳೆದು ಬರೆದಿಡಿ. ಅಂಕಿ ಇಳಿಯುವುದು ನಿಂತ ಮೇಲೆ ಅಳತೆ ಕೊಡಿ; ಊದಿದ ತೋಳಿಗೆ ಅಳತೆ ಕೊಟ್ಟರೆ ತಿಂಗಳೊಳಗೆ ದೊಗಳೆ. ಆರು ತಿಂಗಳಿಗೆ ಸ್ಲೀವಿನ ಬಿಗಿ ಹೋಗುತ್ತದೆ, ಆ ಖರ್ಚು ವರ್ಷಕ್ಕೆರಡು ಸಲ ಎಂದೇ ಲೆಕ್ಕ ಹಾಕಿ. ಹಾಕುವಾಗ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ತೊಟ್ಟರೆ ನೇಯ್ಗೆ ಹರಿಯದು. ಮೇಲಂಚು ಮಡಚಬೇಡಿ. ಗಾಜಿನ ಬಳೆ ಆ ಕೈಗೆ ಬೇಡ, ನೂಲಿಗೆ ಸಿಕ್ಕಿ ಎಳೆ ಬಿಡುತ್ತದೆ. ಹಬ್ಬಕ್ಕೆ ಬೇಕೇ ಬೇಕೆಂದರೆ ಇನ್ನೊಂದು ಕೈ ಇದ್ದೇ ಇದೆ.